ಬತಾದಿನ ಸೋಪಾನಗದ್ದೆಗಳು

ಭತ್ತವು ನಿಂತ ನೀರನ್ನು ಬಯಸುವ ಪೈರು. ನೀರಾದರೋ ತಗ್ಗನ್ನು ಅರಸಿ ಹರಿಯುವ ವಸ್ತು. ಆದುದರಿಂದ ಗದ್ದೆಗಳು ಬಯಲುಸೀಮೆಯಲ್ಲಿ ಕೆರೆಗಳ ಕೆಳಗೂ, ಮಲೆಸೀಮೆಯಲ್ಲಿ ಕಣಿವೆಗಳ ತಳದಲ್ಲಿಯೂ ಇರುವುದು ನಮಗೆ ರೂಢಿಯಾದ ನೋಟ. ಬೆಟ್ಟದ ಹೆಗಲವರೆಗೂ ಗದ್ದೆಗಳನ್ನು ಏರಿಸಿ, ಅಲ್ಲಿ ವರ್ಷವಿಡೀ ನೀರನ್ನು ನಿಲ್ಲಿಸಿಕೊಂಡು ಬಾಳುವ ಜನರೂ ಉಂಟೆಂದರೆ ಕಣ್ಣಾರೆ ಕಾಣುವವರೆಗೆ ನಂಬುವುದು ಕಷ್ಟ. ಫಿಲಿಪೈನ್ಸ್ ದೇಶದ ಲುಜಾನ್ ದ್ವೀಪದಲ್ಲಿ, ಕಾರ್ಡಿಲ್ಲೆರಾ ಎಂಬ ಪರ್ವತಶ್ರೇಣಿಯ ನಡುವಣ ಇಫುಗಾವೊ ಪ್ರಾಂತ್ಯದವರು ಅಂತಹ ಜನರು. ಅವರ ಹಳ್ಳಿಗಳಲ್ಲಿ ಒಂದಾದ ಬತಾದಿಗೆ ನಾವು ಹೋಗಿಬಂದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ರಾಜಧಾನಿಯಾದ ಮನಿಲಾದಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದಲ್ಲಿ ಬನಾವೆ ಎಂಬ ಊರು ಇದೆ. ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಹೊತ್ತಿಗೆ ಅಲ್ಲಿಗೆ ತಲುಪುವರು. ಪ್ರವಾಸಿಗಳು ಭಾವಚಿತ್ರ ತೆಗೆದುಕೊಳ್ಳುವ ಪ್ರಸಿದ್ಧ ನೋಟವು ಈ ಊರಿನ ಬಳಿಯಲ್ಲಿಯೇ ಇರುವುದು. ಆದರೆ 1995ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಐದು ಗದ್ದೆಸಮೂಹಗಳಲ್ಲಿ ಈ ನೋಟದ ಗದ್ದೆಗಳು ಸೇರಿಲ್ಲ. ಬತಾದ್, ಬಂಗಾನ್, ಮಯೋಯಾವೊ, ಹುಂಗ್ದುವಾನ್, ನಾಗಕದಾನ್ ಎಂಬುವೇ ಆ ಐದು. ಆದುದರಿಂದ ನಾವು ಬನಾವೆಯಲ್ಲಿ ಹೆಚ್ಚು ನಿಲ್ಲದೆ, ಮೂರು ಚಕ್ರದ ಮೋಟಾರುಗಾಡಿಯಲ್ಲಿ ದಾರಿ ಮುಗಿಯುವವರೆಗೆ ಹೋಗಿ, ಅಲ್ಲಿಂದ ಕಾಲ್ನಡಿಗೆಯಾಗಿ ಹೊರಟೆವು.

ಕಾಲುದಾರಿಯು ಕಾಡಿನ ಅಂಚಿನಲ್ಲಿ ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ತಿರುವಿನಲ್ಲಿ ಮರಗಳು ಹಿಂದೆ ಸರಿದೊಡನೆ ಇಡೀ ಬತಾದ್ ಎದುರಿಗೆ ಕಾಣುತ್ತದೆ. ಬೆಟ್ಟಗಳು ಅರ್ಧಚಂದ್ರಾಕಾರವಾಗಿ ನಿಂತಿವೆ. ಅವುಗಳ ಮೈಯೆಲ್ಲ ಕಲ್ಲುಗೋಡೆಗಳು. ಒಂದೊಂದು ಗೋಡೆಯ ಮೇಲೂ ಒಂದೊಂದು ಗದ್ದೆ. ಗದ್ದೆಗಳ ಮೆಟ್ಟಿಲುಗಳೆಲ್ಲ ಇಳಿದು ಸೇರುವ ತಗ್ಗಿನಲ್ಲಿ ಕೆಲವು ಮನೆಗಳ ಗುಂಪು. ಮೇ ತಿಂಗಳ ಕೊನೆಯಾದ್ದರಿಂದ ಪೈರು ಹಸುರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಗೋಡೆಗಳು ಬಹಳ ಕಡೆ ಆಳೆತ್ತರಕ್ಕೂ ಮೀರಿರುವುವು. ಊರಿನೊಳಗೆ ಹೋಗಲು ಆ ಗೋಡೆಗಳ ತಲೆಯೇ ದಾರಿ. ಒಂದು ಬದಿಗೆ ಕೆಸರು, ಇನ್ನೊಂದು ಬದಿಗೆ ಪ್ರಪಾತ. ಊರಿನ ಮಕ್ಕಳು ಅದರ ಮೇಲೆ ಓಡಾಡುತ್ತಿದ್ದರೆ ನಾವು ಹೆಜ್ಜೆ ಎಣಿಸುತ್ತ ನಡೆದೆವು.

ಈ ಗದ್ದೆಗಳಿಗೆ ನೀರು ಎಲ್ಲಿಂದ ಬರುವುದೆಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ಗದ್ದೆಗಳ ಮೇಲುಗಡೆ ಒಂದೊಂದು ಮನೆತನವೂ ಒಂದು ಕಾಡಿನ ತುಂಡನ್ನು ಕಾಪಾಡಿಕೊಂಡು ಬಂದಿದೆ. ಅದಕ್ಕೆ ಮುಯೋಂಗ್ ಎಂದು ಹೆಸರು. ಸೌದೆ, ಮನೆಯ ಮರ, ಔಷಧಿಯ ಗಿಡಗಳು ಅಲ್ಲಿಂದಲೇ ದೊರೆಯುವುವು. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಆ ಕಾಡು ಮಳೆಯ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಟ್ಟುಕೊಡುವುದು. ಆ ನೀರು ಕಾಲುವೆಗಳಲ್ಲಿ ಹರಿದು ಮೊದಲ ಗದ್ದೆಗೆ ಬಂದು, ಅಲ್ಲಿಂದ ತೂಬಿನ ಮೂಲಕ ಕೆಳಗಿನದಕ್ಕೆ, ಅದರಿಂದ ಅದರ ಕೆಳಗಿನದಕ್ಕೆ ಇಳಿಯುತ್ತ ಹೋಗುತ್ತದೆ. ಗದ್ದೆಯು ಎಂದಿಗೂ ಒಣಗಕೂಡದು. ಒಣಗಿದರೆ ತಳದ ಜೇಡಿಮಣ್ಣು ಬಿರುಕು ಬಿಡುವುದು. ಮುಂದಿನ ಮಳೆಯ ನೀರು ಆ ಬಿರುಕಿನಲ್ಲಿ ಇಳಿದು ಗೋಡೆಯನ್ನು ಒಳಗಿನಿಂದ ತಳ್ಳುವುದು. ಗೋಡೆ ಜಾರಿದರೆ ಕೆಳಗಿನ ಗದ್ದೆಗಳಿಗೂ ಕೇಡು.

ನಾವು ಹೋದ ದಿನ ವೃದ್ಧರೊಬ್ಬರು ಜರಿದ ಗೋಡೆಯೊಂದನ್ನು ಕಟ್ಟುತ್ತಿದ್ದರು. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಕಲ್ಲಿಗೆ ಕಲ್ಲು ಕಚ್ಚುವಂತೆ ಕೂರಿಸಬೇಕು. ಅವರ ಜೊತೆಗೆ ನೆರೆಯವರು ಇಬ್ಬರು ಕಲ್ಲು ಹೊರುತ್ತಿದ್ದರು. ಕೂಲಿಯೆಷ್ಟೆಂದು ವಿಚಾರಿಸಲು, ಕೂಲಿಯಿಲ್ಲವೆಂದೂ, ನಾಳೆ ಇವರು ಅವರ ಗದ್ದೆಗೆ ಹೋಗುವರೆಂದೂ ನಮ್ಮ ಮಾರ್ಗದರ್ಶಿಯಾದ ತರುಣನು ತಿಳಿಸಿದನು. ನಮ್ಮಲ್ಲಿ ಮುಯ್ಯಾಳು ಎನ್ನುವ ಪದ್ಧತಿಯೇ ಇದು. ಇಫುಗಾವೊ ಜನರಿಗೆ ಅರಸರಿರಲಿಲ್ಲ. ಇಷ್ಟು ದೊಡ್ಡ ಕೆಲಸವು ಯಾವ ಅರಮನೆಯ ಅಪ್ಪಣೆಯೂ ಇಲ್ಲದೆ, ಮನೆಮನೆಗಳ ಒಪ್ಪಂದದಿಂದಲೇ ಎದ್ದು ನಿಂತಿತೆಂಬುದು ಯೋಚಿಸತಕ್ಕ ವಿಷಯ.

ಅವರ ಹಳೆಯ ಮಾದರಿಯ ಮನೆಯನ್ನೂ ನೋಡಿದೆವು. ನಾಲ್ಕು ದಪ್ಪ ಕಂಬಗಳ ಮೇಲೆ ಒಂದೇ ಕೋಣೆ, ಅದರ ಮೇಲೆ ಗೋಪುರದಂತೆ ಇಳಿಜಾರಾದ ಹುಲ್ಲಿನ ಮಾಡು. ಒಂದು ಮೊಳೆಯನ್ನೂ ಹೊಡೆದಿರುವುದಿಲ್ಲ. ಕಂಬಗಳ ಮೇಲುಭಾಗದಲ್ಲಿ ದುಂಡಗಿನ ಮರದ ಬಿಲ್ಲೆಗಳಿರುವುವು. ಏರಿಬರುವ ಇಲಿಗೆ ಅವುಗಳನ್ನು ದಾಟಲಾಗದು. ಏಣಿಯನ್ನು ರಾತ್ರಿ ಮೇಲಕ್ಕೆ ಎಳೆದುಕೊಳ್ಳುವರು. ಒಲೆ ಒಳಗೇ ಇದ್ದು, ಅದರ ಹೊಗೆಯು ಅಟ್ಟದ ಮೇಲಿನ ಭತ್ತವನ್ನು ಹುಳುವಿನಿಂದ ಕಾಯುವುದು. ಆದರೆ ಇಂತಹ ಮನೆಗಳು ಈಗ ಕಡಿಮೆಯಾಗಿವೆ. ಬಹಳ ಮನೆಗಳಿಗೆ ತಗಡಿನ ಮಾಡು ಬಂದಿದೆ.

ಇಲ್ಲಿನ ನಾಡತಳಿಯ ಭತ್ತಕ್ಕೆ ತಿನಾವೊನ್ ಎನ್ನುವರು. ವರ್ಷಕ್ಕೊಮ್ಮೆ ಬೆಳೆಯುವುದೆಂದು ಅದರ ಅರ್ಥ. ಕೊಯ್ಲಿನಲ್ಲಿ ಹೆಂಗಸರದೇ ಮುಂದಾಳುತನ. ಅಂಗೈಯಲ್ಲಿ ಅಡಗುವ ಚಿಕ್ಕ ಕತ್ತಿಯಿಂದ ತೆನೆ ತೆನೆಯಾಗಿ ಕೊಯ್ಯುವರು. ಕೆಲಸದ ನಡುವೆ ಹಿರಿಯಳೊಬ್ಬಳು ಹುದ್‌ಹುದ್ ಎಂಬ ವೀರಗಾಥೆಯನ್ನು ಹಾಡಿದರೆ ಉಳಿದವರು ಸೊಲ್ಲು ಕೂಡಿಸುವರು. ಕಣಜವನ್ನು ಕಾಯಲು ಬುಲುಲ್ ಎಂಬ ಮರದ ಮೂರ್ತಿಗಳನ್ನು ಇರಿಸುವ ವಾಡಿಕೆಯೂ ಉಂಟು. ಆ ಹಾಡುಗಳನ್ನು ಯುನೆಸ್ಕೋ 2001ರಲ್ಲಿ ಮಾನವಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಸಾರಿತು.

ಗದ್ದೆಗಳ ವಯಸ್ಸಿನ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯವೆಂಬುದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾರ್ಟನ್, ಬೇಯರ್ ಎಂಬ ಪಂಡಿತರು ಪ್ರಚುರಪಡಿಸಿದ ಮತ. ಈಚೆಗೆ ಅಗೆತ ನಡೆಸಿದ ಸ್ಟೀಫನ್ ಅಕಬಾದೊ ಅವರು, ಮೊದಲು ಇಲ್ಲಿ ಕೆಸುವಿನ ಬೇಸಾಯವಿದ್ದು, ಸುಮಾರು 400 ವರ್ಷಗಳ ಹಿಂದೆ ಸ್ಪ್ಯಾನಿಷರ ಒತ್ತಡಕ್ಕೆ ಸಿಕ್ಕದೆ ಮಲೆಯನ್ನು ಆಶ್ರಯಿಸಿದ ಜನರಿಂದ ಭತ್ತದ ಗದ್ದೆಗಳು ಹಬ್ಬಿದುವೆಂದು ಹೇಳುವರು. ಹಾಗಿದ್ದರೆ ಅವುಗಳ ಹಿರಿಮೆ ತಗ್ಗುವುದಿಲ್ಲ. ಕೆಲವೇ ತಲೆಮಾರುಗಳಲ್ಲಿ ಇಷ್ಟನ್ನು ಕಟ್ಟಿದರೆಂಬ ಬೆರಗು ಹೆಚ್ಚುತ್ತದೆ.

ಇಂತಹ ಗದ್ದೆಗಳೂ ಅಪಾಯದಿಂದ ಪಾರಾಗಲಿಲ್ಲ. ವಿದ್ಯೆಗೂ ಉದ್ಯೋಗಕ್ಕೂ ತರುಣರು ಪಟ್ಟಣಕ್ಕೆ ಹೋದರು. ಬಹಳ ಮನೆಗಳಲ್ಲಿ ಸ್ವಂತ ಗದ್ದೆಯ ಅಕ್ಕಿ ವರ್ಷಕ್ಕೆ ಸಾಲದೆ ಕೆಳನಾಡಿನ ಅಕ್ಕಿಯನ್ನು ಕೊಳ್ಳಬೇಕಾಗಿದೆ. ಕೈ ಬಿಟ್ಟ ಗದ್ದೆ ಒಣಗಿತು, ಗೋಡೆ ಕುಸಿಯಿತು. 2001ರಲ್ಲಿ ಯುನೆಸ್ಕೋ ಇವುಗಳನ್ನು ಅಪಾಯದಲ್ಲಿರುವ ಪರಂಪರೆಯೆಂದು ಗುರುತಿಸಿತು. ದುರಸ್ತಿ ಕಾರ್ಯ ನಡೆದ ಮೇಲೆ 2012ರಲ್ಲಿ ಆ ಪಟ್ಟಿಯಿಂದ ತೆಗೆಯಿತು. ಆದರೆ ಪಟ್ಟಿಯಿಂದ ಹೆಸರು ಹೋದ ಮಾತ್ರಕ್ಕೆ ಗೋಡೆಯ ಕೆಲಸ ಮುಗಿಯುವುದಿಲ್ಲ. ಅದು ಪ್ರತಿ ವರ್ಷದ ಕೆಲಸ.

ಇಫುಗಾವೊ ಸಂಪ್ರದಾಯದಲ್ಲಿ ಗದ್ದೆಯನ್ನು ಚೂರು ಚೂರಾಗಿ ಪಾಲು ಮಾಡುವುದಿಲ್ಲ. ಗಂಡಾಗಲಿ ಹೆಣ್ಣಾಗಲಿ, ಚೊಚ್ಚಲ ಮಗುವಿಗೆ ಮುಖ್ಯ ಗದ್ದೆಯು ಸಲ್ಲುವುದು. ಮಕ್ಕಳ ಮದುವೆಯ ಕಾಲದಲ್ಲಿಯೇ ತಂದೆತಾಯಿಗಳು ಅದನ್ನು ಒಪ್ಪಿಸಿಬಿಡುವುದೂ ವಾಡಿಕೆ. ನಮ್ಮ ಮಾರ್ಗದರ್ಶಿಯು ಮನೆಗೆ ಹಿರಿಯ ಮಗ. ಪ್ರವಾಸಿಗಳಿಗೆ ದಾರಿ ತೋರಿ ಗಳಿಸುವ ಹಣವು ಗದ್ದೆಯ ಆದಾಯಕ್ಕಿಂತ ಮೇಲು. ಪಟ್ಟಣದಲ್ಲಿ ಇನ್ನೂ ಹೆಚ್ಚು ದೊರೆಯುವುದೆಂದು ಗೆಳೆಯರು ಕರೆಯುತ್ತಿರುವರಂತೆ. ಗದ್ದೆಯನ್ನು ವಹಿಸಿಕೊಳ್ಳುವೆಯಾ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಗದ್ದೆಯ ನೀರನ್ನೇ ನಂಬಿಕೊಂಡು ಕೆಳಗೆ ಏಳು ಮನೆಗಳ ಗದ್ದೆಗಳಿವೆ ಎಂದಷ್ಟೇ ಹೇಳಿ, ದಾರಿಗೆ ಅಡ್ಡವಾಗಿ ಉರುಳಿದ್ದ ಕಲ್ಲೊಂದನ್ನು ಎತ್ತಿ ಗೋಡೆಯ ಮೇಲಿಟ್ಟು ಮುಂದೆ ನಡೆದನು.