ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ

ಮುಂಜಾನೆ ಮದ್ರಸ, ಹಗಲು ಶಾಲೆಯಲ್ಲಿ ಕನ್ನಡ ಪಾಠ, ಮಗ್ರಿಬ್ ಬಳಿಕ ಮತ್ತೆ ಮಕ್ಕಳು. ಹೀಗೆ ನಮ್ಮ ದಿನಗಳು ಸಾಗತೊಡಗಿ ಇಪ್ಪತ್ತು ವರ್ಷಗಳಾದವು. ದರ್ಸ್‌ನಲ್ಲಿ ಕಲಿಯುತ್ತಿದ್ದಾಗ ನಮ್ಮ ಉಸ್ತಾದರು ಕಿತಾಬ್ ತೆರೆಯುವ ಮೊದಲು ನಿಯ್ಯತ್ತನ್ನು ಸರಿಪಡಿಸಿಕೊಳ್ಳಲು ಹೇಳುತ್ತಿದ್ದರು. ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹ ಆರಂಭವಾಗುವುದೇ ಸಂಕಲ್ಪದ ಹದೀಸಿನಿಂದ. ಅದನ್ನು ನಾವೂ ಮಕ್ಕಳಿಗೆ ನೂರಾರು ಸಲ ವಿವರಿಸಿದ್ದೇವೆ. ವಿವರಿಸುತ್ತ ವಿವರಿಸುತ್ತ ನಮ್ಮದೇ ನಿಯ್ಯತ್ತು ಯಾವಾಗ ಸವೆದುಹೋಯಿತೋ ತಿಳಿಯಲಿಲ್ಲ.

ಎಂಟು ವರ್ಷಗಳ ಹಿಂದೆ ದಮ್ಮಾಮ್‌ನಲ್ಲಿದ್ದ ಭಾವ ವೀಸಾ ಕಳುಹಿಸುವುದಾಗಿ ಹೇಳಿದರು. ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಂಬಳ ನಮ್ಮ ಎರಡೂ ಕೆಲಸಗಳ ಆದಾಯದ ಮೂರು ಪಟ್ಟು. ಆಗ ನಮ್ಮ ಮನೆಯ ಗೋಡೆ ಎದ್ದು ಮಾಡು ಬಾಕಿ ಇತ್ತು, ಪತ್ನಿಯ ಬಳೆಗಳು ಅಡವಿನಲ್ಲಿದ್ದವು. ಹೋಗುವುದರಲ್ಲಿ ತಪ್ಪೇನೂ ಇರಲಿಲ್ಲ. ಮನೆಮಂದಿಯ ಅನ್ನಕ್ಕಾಗಿ ಪಡುವ ಶ್ರಮವೂ ಪುಣ್ಯಕಾರ್ಯವೇ. ಆದರೆ ನಮ್ಮನ್ನು ಹೊರಡಿಸುತ್ತಿದ್ದುದು ಬಡತನ ಮಾತ್ರವಲ್ಲ. ತರಗತಿಗೆ ಕಾಲಿಡುವಾಗಲೇ ಕಣ್ಣು ಗಡಿಯಾರದತ್ತ ಹೋಗುತ್ತಿತ್ತು. ಮೀಲಾದ್ ವೇದಿಕೆಯ ಭಾಷಣಕ್ಕೆ ವಾರಗಟ್ಟಲೆ ತಯಾರಿ ನಡೆಸುತ್ತಿದ್ದ ನಾವು ಅಲಿಫ್ ಕಲಿಯುವ ಮಕ್ಕಳ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದೆವು.

ಆ ದಿನಗಳಲ್ಲಿ ಇಮಾಮ್ ಗಝ್ಝಾಲಿಯವರು ತಮ್ಮ ಅಂತರಂಗದ ಪಯಣವನ್ನು ನಿರೂಪಿಸಿರುವ 'ಅಲ್ ಮುನ್ಖಿದ್' ಗ್ರಂಥವನ್ನು ಮತ್ತೆ ಓದಿದೆವು. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾಕ್ಕೆ ನೇಮಕಗೊಂಡಿದ್ದ ಅವರ ಮುಂದೆ 300 ಮಂದಿ ವಿದ್ಯಾರ್ಥಿಗಳು ಕೂರುತ್ತಿದ್ದರು. ಕಲಿಸುವುದರಲ್ಲಿ ತಮ್ಮ ಉದ್ದೇಶವೇನೆಂದು ಅವರು ತಮ್ಮನ್ನೇ ಕೇಳಿಕೊಂಡಾಗ ಅಲ್ಲಿ ಕಂಡದ್ದು ಕೀರ್ತಿಯ ಆಸೆ. 1095ರಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಾಯಿತು, ಅನ್ನ ಗಂಟಲಲ್ಲಿ ಇಳಿಯದಾಯಿತು. ಹುದ್ದೆ ತೊರೆದು ದಮಾಸ್ಕಸ್, ಜೆರುಸಲೇಂ, ಮಕ್ಕಾಗಳಿಗೆ ತೆರಳಿದರು. ಅವರು ತೊರೆದ ಕತೆಯನ್ನು ನಾವು ಮಿಂಬರ್‌ಗಳಲ್ಲಿ ಬಹಳ ಹೇಳುತ್ತೇವೆ. ಅವರು 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತುದನ್ನು ಹೇಳುವವರು ಕಡಿಮೆ. ಅದೇ ವೃತ್ತಿ, ಅದೇ ವಿದ್ಯೆ. ಆದರೆ ಮರಳಿದವರು ಹಿಂದಿನ ವ್ಯಕ್ತಿಯಾಗಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. (ಎಲ್ಲಿಯ ನಿಝಾಮಿಯ್ಯಾ, ಎಲ್ಲಿಯ ನಮ್ಮ ಸೋರುವ ಹೆಂಚಿನ ಮದ್ರಸ! ಹೋಲಿಸಲು ನಾಚಿಕೆಯಾಗುತ್ತದೆ.)

ಹೀಗಿರುವಾಗ ಒಂದು ರಾತ್ರಿ ಇಶಾ ಬಳಿಕ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹುಡುಗ.

"ಉಸ್ತಾದರೇ, ಉಮ್ಮಾಳ ಹೆಸರಿಗೆ ಬ್ಯಾಂಕಿನಿಂದ ಕಾಗದ ಬಂದಿದೆ. ಏನೆಂದು ಸ್ವಲ್ಪ ಓದಿ ಹೇಳುತ್ತೀರಾ?"

ಕಾಗದ ಕನ್ನಡದಲ್ಲಿತ್ತು. "ನೀನೇ ಓದಬಹುದಲ್ಲ?" ಎಂದೆವು.

"ನನಗೆ ಓದು ಎಲ್ಲಿ ಬರುತ್ತದೆ? ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡದೆ ಕುಳಿತರೆ ಸಾಕು ಅಂತ ನೀವೇ ಹೇಳಿದ್ದಿರಲ್ಲ?" ಎಂದು ನಕ್ಕ.

ಆ ನಗುವಿನಲ್ಲಿ ದೂರಿರಲಿಲ್ಲ. ಅವನು ಮದ್ರಸದಲ್ಲೂ ಶಾಲೆಯಲ್ಲೂ ನಮ್ಮ ಕೈಕೆಳಗೆ ಏಳು ವರ್ಷ ಕಲಿತವನು. ಅವನ ಪಾಲಿನ ಪಾಠಕ್ಕೂ ನಾವು ಪ್ರತಿ ತಿಂಗಳು ಸಂಬಳ ಎಣಿಸಿಕೊಂಡಿದ್ದೆವು. ಹಲಾಲ್ ಸಂಪಾದನೆಯ ಕುರಿತು ಎಷ್ಟು ಪ್ರವಚನ ನೀಡಿದ್ದೆವು! ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಭಾವನಿಗೆ ಸದ್ಯಕ್ಕೆ ಬೇಡವೆಂದೆವು. ಅವರು ಮುನಿಸಿಕೊಂಡರು. ಪತ್ನಿ ಏನನ್ನೂ ಹೇಳಲಿಲ್ಲ; ಅದು ಮುನಿಸಿಗಿಂತ ಭಾರವಾಗಿತ್ತು.

ಮರುವಾರದಿಂದ ಇಶಾ ಬಳಿಕ ಅರ್ಧ ಗಂಟೆ ಆ ಹುಡುಗನಿಗೆ ಪಾಠ. ಮೈಯಲ್ಲಿ ಮೀನಿನ ವಾಸನೆ, ಕಣ್ಣಲ್ಲಿ ನಿದ್ದೆ. ಒಂದು ಕಡೆ ಫಾತಿಹಾದ ಉಚ್ಚಾರ, ಇನ್ನೊಂದು ಕಡೆ ಕನ್ನಡದ ಕಾಗುಣಿತ. ಒತ್ತಕ್ಷರದ ಬಳಿ ಎರಡು ತಿಂಗಳು ನಿಂತುಬಿಟ್ಟ. ಅವನಿಗಾಗಿ ನಾವು ಹಗಲಿನಲ್ಲಿ ಪಾಠ ಸಿದ್ಧಪಡಿಸಿಕೊಳ್ಳಬೇಕಾಯಿತು, ಬಿ.ಎ. ಓದಿದ ಮೇಲೆ ಅಷ್ಟು ಶ್ರದ್ಧೆಯಿಂದ ಪುಸ್ತಕ ಹಿಡಿದುದು ಅದೇ ಮೊದಲು. ಬಳಿಕ ಅವನ ಇಬ್ಬರು ಗೆಳೆಯರೂ ಬಂದರು.

ಮನೆಗೆ ಮಾಡು ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಬಳೆಗಳಲ್ಲಿ ಒಂದು ಮಾತ್ರ ಮರಳಿತು. ಗಡಿಯಾರ ನೋಡುವ ಚಾಳಿ ಕೆಲವು ದಿನ ಈಗಲೂ ಮರುಕಳಿಸುತ್ತದೆ. ಆ ಹುಡುಗ ಈಗ ಬಂದರಿನಲ್ಲಿ ಏಲಂನ ಲೆಕ್ಕ ಬರೆಯುತ್ತಾನೆ. ಮೊನ್ನೆ ಅವನ ಪುಸ್ತಕ ತೆರೆದು ನೋಡಿದೆವು: ಲಕಾರ, ಳಕಾರಗಳು ಇನ್ನೂ ಅದಲುಬದಲಾಗುತ್ತಿವೆ. ಶುಕ್ರವಾರ ಬರಲು ಹೇಳಿದ್ದೇವೆ.