ಗಡಿಗೆಯೂ ಗಣಕಯಂತ್ರವೂ

ತರ್ಕಶಾಸ್ತ್ರವನ್ನು ಓದತೊಡಗಿದವನಿಗೆ ಮೊದಲು ಎದುರಾಗುವ ವಸ್ತುವೆಂದರೆ ಗಡಿಗೆ. ಗಡಿಗೆಯು ಹುಟ್ಟಬೇಕಾದರೆ ಮಣ್ಣು ಬೇಕು, ಚಕ್ರ ಬೇಕು, ಚಕ್ರವನ್ನು ತಿರುಗಿಸುವ ದಂಡ ಬೇಕು, ಕುಂಬಾರನೂ ಬೇಕು. ಇವೆಲ್ಲವೂ ಒಂದೆಡೆ ಕೂಡಿದುದಕ್ಕೆ ನಮ್ಮ ಹಿರಿಯರು ಕಾರಣಸಾಮಗ್ರಿಯೆಂದು ಹೆಸರಿಟ್ಟರು. ಇವುಗಳಲ್ಲಿ ಒಂದು ಕಡಿಮೆಯಾದರೂ ಗಡಿಗೆಯಾಗದು. ಆಗ ಕುಂಬಾರನಿಗೆ ಕಸಬು ಬಾರದೆಂದು ಹಳಿಯುವದು ನ್ಯಾಯವಲ್ಲ. ಯಾವ ಕಾರಣವು ಕಡಿಮೆಯಾಗಿದೆಯೆಂದು ಹುಡುಕುವದು ನ್ಯಾಯ. ಬಹುಕಾಲ ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತನಾದ ನನಗೆ ಈ ಹಳೆಯ ಪಾಠವು ಗಣಕಯಂತ್ರದ ಮುಂದೆಯೂ ಉಪಯೋಗಕ್ಕೆ ಬರುವದೆಂಬ ಎಣಿಕೆ ಇರಲಿಲ್ಲ.

ನನ್ನ ತಮ್ಮನ ಮನೆಯು ಖಾನಾಪುರದಲ್ಲಿದೆ. ಮಣ್ಣಿನ ಕೆಲಸಕ್ಕೆ ಹೆಸರಾದ ಊರದು. ಕುಂಬಾರಿಕೆಯನ್ನು ಕಲಿಸುವದಕ್ಕಾಗಿಯೇ ಅಲ್ಲಿ ಒಂದು ಕೇಂದ್ರ ಸಂಸ್ಥೆಯಿದೆ. ಬೆಳಗಾವಿಗೂ ಆ ಊರಿಗೂ ನಡುವೆ ಸುಮಾರು 25 ಕಿಲೋಮೀಟರು. ಆ ಮಾರ್ಗದ ಮಚ್ಛೆಯ ಬಳಿಯಲ್ಲಿಯೇ 1998ರಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಮನೆತನದಲ್ಲಿ ಹಿಂದೆ ಯಾರೂ ಮುಟ್ಟದ ವಿದ್ಯೆಗೆ ಕೈಹಾಕಿದ ಎಷ್ಟೋ ಮಕ್ಕಳು ದಿನಾಲು ಈ ದಾರಿಯಲ್ಲಿ ಓಡಾಡುತ್ತಾರೆ. ತಮ್ಮನ ಮಗಳೂ ಅವರಲ್ಲಿ ಒಬ್ಬಳು. ಬೆಳಗಾವಿಯ ನಮ್ಮ ಮನೆಯಲ್ಲಿದ್ದು ಇಂಜಿನಿಯರಿಂಗ್ ಕಲಿಯುತ್ತಾಳೆ.

ಹೋದ ಮಳೆಗಾಲದಲ್ಲಿ ರಜೆಗೆಂದು ಊರಿಗೆ ಹೋದವಳು ಒಂದು ಸಂಜೆ ಬಾಡಿದ ಮುಖದಿಂದ ಮರಳಿ ಬಂದಳು. ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಒಂದು ಕ್ರಮವಿಧಿಯನ್ನು ಜಾವಾ ಭಾಷೆಯಲ್ಲಿ ಬರೆದು ಅವಳು ಕಾಲೇಜಿಗೆ ಒಪ್ಪಿಸಬೇಕಾಗಿತ್ತು. ಉಳಿದುದು ನಾಲ್ಕೇ ದಿನ. ಯಂತ್ರವಾದರೋ ಪರದೆಯ ತುಂಬ ಕೆಂಪಕ್ಷರಗಳನ್ನು ತೋರಿಸುತ್ತಿತ್ತು. "ದೊಡ್ಡಪ್ಪಾ, ನನಗ ಈ ವಿದ್ಯಾ ಹತ್ತೂದಿಲ್ಲ. ನಾ ಕಾಲೇಜು ಬಿಡ್ತೀನಿ" ಎಂದಳು. ಊರಿನಿಂದ ತಂದೆಯೂ ಫೋನಿನಲ್ಲಿ, "ಆಗಲಿಕ್ಕಿಲ್ಲಂದ್ರ ಬಿಟ್ಟು ಬಾರವ್ವಾ" ಎಂದಿದ್ದನು. ಅಕ್ಕರೆಯ ಮಾತೇ ಅದು. ಆದರೆ ಅಕ್ಕರೆಯಿಂದಲೂ ಹೆಣ್ಣುಮಗಳ ಓದು ಅಲ್ಲಿಗೇ ನಿಲ್ಲುವದುಂಟು.

ಈ ಯಂತ್ರದ ವ್ಯವಹಾರವನ್ನು ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜಾವಾ ಭಾಷೆಯನ್ನು ಸನ್ ಎಂಬ ಅಮೇರಿಕೆಯ ಕಂಪನಿಯು 1995ರಲ್ಲಿ ಹೊರತಂದಿತು. ಅದರ ಹೆಸರು ಕಾಫಿಯಿಂದ ಬಂದುದು. ಕಾಫಿಗೆ ಆ ಹೆಸರು ಜಾವಾ ದ್ವೀಪದಿಂದ ಬಂದುದು. ವಾಲ್ಮೀಕಿಯು ಕಿಷ್ಕಿಂಧಾಕಾಂಡದಲ್ಲಿ ಹೇಳಿದ ಯವದ್ವೀಪವು ಅದೇ ಎಂದು ಅನೇಕ ವಿದ್ವಾಂಸರ ಎಣಿಕೆ. ಈ ಭಾಷೆಯಲ್ಲಿ ಬರೆಯುವವರು ಎಲ್ಲವನ್ನೂ ತಾವೇ ಬರೆಯುವದಿಲ್ಲ. ಇತರರು ಬರೆದಿಟ್ಟ ಭಾಗಗಳನ್ನು ಎರವಾಗಿ ತರುತ್ತಾರೆ. ತರುವ ಕೆಲಸವನ್ನು ಮೇವನ್ ಎಂಬ ಸಾಧನವು ವಹಿಸಿಕೊಳ್ಳುವದು. ಅಪಾಚೆ ಸಂಸ್ಥೆಯವರ ಈ ಸಾಧನದ ಮೊದಲ ಪೂರ್ಣರೂಪವು 2004ರಲ್ಲಿ ಬಂದಿತು. ಮೇವನ್ ಎಂದರೆ ಯಿಡ್ಡಿಷ್ ಭಾಷೆಯಲ್ಲಿ ಬಲ್ಲವನು ಎಂದರ್ಥ. ಮದುವೆಯ ಮನೆಯ ಉಗ್ರಾಣದವನಂತೆ ಅದು ನಾವು ಬರೆದುಕೊಟ್ಟ ಯಾದಿಯನ್ನು ಓದಿ, ಬೇಕಾದುದನ್ನು ಅಂತರ್ಜಾಲದ ದೊಡ್ಡ ಭಂಡಾರದಿಂದ ತಂದು, ನಮ್ಮ ಯಂತ್ರದಲ್ಲಿಯ ಚಿಕ್ಕ ಉಗ್ರಾಣದಲ್ಲಿಟ್ಟು, ಆಮೇಲೆ ಅಡಿಗೆಯವರಿಗೆ ಒದಗಿಸುವದು.

ಯಾದಿಯಲ್ಲಿ ಪ್ರತಿಯೊಂದು ಸಾಮಾನಿಗೂ ಮೂರು ಗುರುತುಗಳಿರುವವು: ಯಾರ ಬಳಗದ್ದು, ಯಾವ ಹೆಸರಿನದು, ಎಷ್ಟನೆಯ ಆವೃತ್ತಿಯದು. ಒಂದಕ್ಷರ ತಪ್ಪಿದರೂ ಸಾಮಾನು ಸಿಕ್ಕದು. ನಮ್ಮ ನಗರದ ಹೆಸರು 2014ನೆಯ ನವೆಂಬರ 1ರಿಂದ ಅಧಿಕೃತವಾಗಿ ಬೆಳಗಾವಿಯಾಯಿತು. ಬೆಳಗಾಂ ಎಂದು ಬರೆದ ಕಾಗದವನ್ನೂ ಅಂಚೆಯವನು ತಿಳಿದು ತಂದುಕೊಡುತ್ತಾನೆ. ಯಂತ್ರಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ನನಗೆ ಯಂತ್ರವಿದ್ಯೆಯು ತಿಳಿಯದು, ಓದಿಸುವದು ತಿಳಿದಿದೆ. ಶ್ಲೋಕವು ಕಠಿಣವಾದಾಗ ಮೊದಲು ಪದಚ್ಛೇದ, ಆಮೇಲೆ ಅನ್ವಯ. ಹುಡುಗಿಯು ಕೆಂಪಕ್ಷರಗಳನ್ನು ಕಂಡು ಬೆದರಿದ್ದಳಲ್ಲದೆ ಓದಿರಲಿಲ್ಲ. ಕೊನೆಯ ಸಾಲಿನ ದೂರನ್ನು ಬಿಟ್ಟು ಮೊಟ್ಟಮೊದಲನೆಯ ದೂರನ್ನು ಹುಡುಕಿ, ಶಬ್ದ ಶಬ್ದವಾಗಿ ಕನ್ನಡದಲ್ಲಿ ಹೇಳೆಂದೆ. ಅವಳು ತಡವರಿಸುತ್ತ ಹೇಳಿದ ಅರ್ಥವಿದು: ಬೇಕಾದ ಒಂದು ಭಾಗವನ್ನು ತರುವಲ್ಲಿ ಹಿಂದೆ ಸೋಲಾಯಿತು, ಆ ಸೋಲನ್ನು ಉಗ್ರಾಣದಲ್ಲಿ ಬರೆದಿಡಲಾಗಿದೆ, ಗೊತ್ತುಪಡಿಸಿದ ಅವಧಿಯು ಮುಗಿಯುವ ತನಕ, ಇಲ್ಲವೆ ಯಾರಾದರೂ ಒತ್ತಾಯಪಡಿಸುವ ತನಕ, ಮರಳಿ ಪ್ರಯತ್ನಿಸಲಾಗುವದಿಲ್ಲ.

ಸಂಗತಿಯು ಅಲ್ಲಿಗೆ ಬೆಳಕಾಯಿತು. ಆ ದಿನ ಬೆಳಿಗ್ಗೆ ಖಾನಾಪುರದಲ್ಲಿ ಮಳೆಯ ಹೊಡೆತಕ್ಕೆ ಅಂತರ್ಜಾಲವು ನಡುವೆಯೇ ಕಡಿದುಹೋಗಿತ್ತು. ಬೆಳಗಾವಿಯಲ್ಲಿ ಅದು ಚೆನ್ನಾಗಿಯೇ ಇತ್ತು. ಆದರೆ ಅವಳು ಬರೆಯಲು ಬಳಸುವ ಎಕ್ಲಿಪ್ಸ್ ಎಂಬ ಸಾಧನವು ಬೆಳಗಿನ ಸೋಲನ್ನೇ ನೆನಪಿನಲ್ಲಿಟ್ಟುಕೊಂಡು ಮತ್ತೆ ಕೇಳಲು ಹೋಗಿರಲಿಲ್ಲ. ಈ ಅವಧಿಯು ರೂಢಿಯಲ್ಲಿ ಒಂದು ದಿನ. ಯೋಜನೆಯನ್ನು ನವೀಕರಿಸುವ ಪಟ್ಟಿಯಲ್ಲಿ 'ಒತ್ತಾಯಪಡಿಸು' ಎಂಬ ಅರ್ಥದ ಚೌಕವೊಂದಿದೆ. ಅವಳು ಅದಕ್ಕೆ ಗುರುತು ಹಾಕಿದಳು. ಅರ್ಧಕ್ಕೇ ನಿಂತ ಭಾಗದ ಕೋಶವೊಂದನ್ನು ಅಳಿಸಿದಳು. ಇಡಿಯ ಉಗ್ರಾಣವನ್ನೇ ಬರಿದು ಮಾಡೆಂದು ಗೆಳತಿಯೊಬ್ಬಳು ಹೇಳಿದ್ದಳಂತೆ. ಹಾಗೆ ಮಾಡಿದರೆ ಎಲ್ಲವನ್ನೂ ಮೊದಲಿನಿಂದ ತರಬೇಕಾಗುವದು. ಒಂದು ಕಾಳು ಹುಳಿತರೆ ಕಣಜಕ್ಕೆ ಬೆಂಕಿಯಿಡುವವರುಂಟೆ? ಕೆಲವು ನಿಮಿಷಗಳಲ್ಲಿ ಕೆಂಪಕ್ಷರಗಳು ಮಾಯವಾದವು.

ಆದರೆ ಕಾಲೇಜಿನಲ್ಲಿ ಎಕ್ಲಿಪ್ಸಿನ ನೆರವಿಲ್ಲದೆ, ಆಜ್ಞೆಯನ್ನು ಬರೆದು ಮೇವನ್ನಿನಿಂದಲೇ ಕಟ್ಟಿ ತೋರಿಸಬೇಕಾಗಿತ್ತು. ಹಾಗೆ ಮಾಡಹೋದಾಗ ಹೊಸ ದೂರು ಬಂದಿತು: ಗುರಿಯಾಗಿಟ್ಟ 17 ಎಂಬದು ಸಲ್ಲದು. ಅವಳು ಕೂಡಲೆ ಮೂರು ನಾಲ್ಕು ಕಡೆ ತಿದ್ದಲು ಹೊರಟಳು, ನಾನು ತಡೆದೆ. ಮೂರು ಮದ್ದುಗಳನ್ನು ಒಮ್ಮೆಲೇ ಕೊಟ್ಟ ವೈದ್ಯನಿಗೆ ಯಾವದರಿಂದ ಗುಣವಾಯಿತೆಂದು ತಿಳಿಯುವದಿಲ್ಲ. ಇದ್ದರೆ ಆಗುವದು, ಇಲ್ಲದಿದ್ದರೆ ಆಗದು ಎಂಬ ಅನ್ವಯವ್ಯತಿರೇಕಗಳಿಂದಲೇ ಕಾರಣದ ನಿಶ್ಚಯವು. ಆದುದರಿಂದ ಒಂದನ್ನು ಬದಲಿಸು, ನೋಡು. ಫಲವಿಲ್ಲದಿದ್ದರೆ ಅದನ್ನು ಮೊದಲಿನಂತಿಟ್ಟು ಇನ್ನೊಂದನ್ನು ಹಿಡಿ ಎಂದೆ.

ಮೇವನ್ನಿಗೆ ಅದರ ಆವೃತ್ತಿಯನ್ನು ಕೇಳಿದರೆ ತಾನು ಯಾವ ಜಾವಾದಿಂದ ನಡೆಯುತ್ತಿರುವೆನೆಂಬದನ್ನೂ ಅದು ಹೇಳುವದು. ಕೇಳಿದಾಗ ಅದು 8 ಎಂದಿತು. ಆ ಯಂತ್ರದಲ್ಲಿ ಎರಡು ಜಾವಾಗಳಿದ್ದವು: 2014ರಲ್ಲಿ ಹೊರಬಂದ 8, 2021ರಲ್ಲಿ ಹೊರಬಂದ 17. ಯಾದಿಯು ಹೊಸದನ್ನು ಬೇಡುತ್ತಿತ್ತು. 'ಜಾವಾ ಹೋಮ್' ಎಂಬ ವಿಳಾಸವು ಹಳೆಯದರ ಮನೆಯನ್ನು ತೋರಿಸುತ್ತಿತ್ತು. ಹಳಬನಿಗೆ ಹೊಸಬನ ಮಾತು ತಿಳಿಯದು. ಅವಳು ವಿಳಾಸವನ್ನು ತಿದ್ದಿ, ಆಜ್ಞೆಯ ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆದಳು. ತೆರೆದಿದ್ದ ಹಳೆಯ ಕಿಟಕಿಗೆ ಹೊಸ ವಿಳಾಸವು ಗೊತ್ತಾಗುವದಿಲ್ಲ. ಈ ಸಲ ಯಂತ್ರವು, ಅವಳೇ ಬರೆದ ಕಡತದ ಒಂದು ಸಾಲಿನ ಸಂಖ್ಯೆಯನ್ನು ಹೇಳಿ, ಅಲ್ಲಿ ಅರ್ಧವಿರಾಮ ಚಿಹ್ನೆಯು ಬಿಟ್ಟುಹೋಗಿದೆಯೆಂದಿತು.

ಅದನ್ನು ಓದಿ ಹುಡುಗಿಯು ನಕ್ಕುಬಿಟ್ಟಳು. ಅಷ್ಟು ಹೊತ್ತಿನಲ್ಲಿ ಅವಳದೆಂದು ಹೇಳಬಹುದಾದ ತಪ್ಪು ಅದೊಂದೇ. ಅದಕ್ಕೆ ಮೊದಲಿನ ದೂರುಗಳೆಲ್ಲ ಬಂದಾಗ ಯಂತ್ರವು ಅವಳ ಬರವಣಿಗೆಯನ್ನು ಪರೀಕ್ಷಿಸಿಯೇ ಇರಲಿಲ್ಲ. ಮಣ್ಣು ಚಕ್ರವನ್ನೇರುವ ಮೊದಲೇ ಕೆಲಸವು ನಿಂತಿತ್ತು. ಅವಳಾದರೋ ತನ್ನ ಬುದ್ಧಿಯನ್ನೇ ತೂಗಿ ಹಗುರೆಂದು ತೀರ್ಮಾನಿಸಿಕೊಂಡಿದ್ದಳು. ಕೆಲಸವನ್ನು ಅವಳು ಹೇಳಿದ ದಿನಕ್ಕೆ ಒಪ್ಪಿಸಿದಳು; ಕಾಲೇಜು ಬಿಡುವ ಮಾತು ಮತ್ತೆ ಬರಲಿಲ್ಲ.

ಪಾಠಶಾಲೆಗಳಲ್ಲಿ ಗಡಿಗೆ ತಟ್ಟುವದನ್ನು ಕಲಿಸುತ್ತಾರೆ. ಚಕ್ರವನ್ನು ನೆಲದಲ್ಲಿ ಹೂಡುವದು ಎಲ್ಲರಿಗೂ ಬರುವದೆಂದು ತಿಳಿಯುತ್ತಾರೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಬಲ್ಲವರಾಗಿದ್ದರೆ ಮಗುವಿಗೆ ಅದು ಹೇಗೋ ಬರುವದು. ಯಾರೂ ಇಲ್ಲದ ಮನೆಯ ಮಗುವು ಸಾಮಗ್ರಿಯ ಕೊರತೆಯನ್ನು ತನ್ನ ಕೊರತೆಯೆಂದು ತಿಳಿದು ಹಿಂದೆಗೆಯುವದು. ಸೋಲನ್ನು ಬರೆದಿಟ್ಟುಕೊಂಡು ಮರಳಿ ಪ್ರಯತ್ನಿಸದಿರುವದು ಯಂತ್ರದ ಸ್ವಭಾವವಾದರೆ ಅದನ್ನು ಅಳಿಸಲು ಒಂದು ಚೌಕವಿದೆ. ಮನುಷ್ಯರಿಗೆ ಅಂಥ ಚೌಕವಿಲ್ಲ, ಹತ್ತಿರದವರ ಮಾತೇ ಆ ಕೆಲಸವನ್ನು ಮಾಡಬೇಕು.

ಆದುದರಿಂದ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಮಗನಾಗಲಿ ಮಗಳಾಗಲಿ ಯಂತ್ರದ ಮುಂದೆ ಕಣ್ಣೀರು ತಂದುಕೊಂಡರೆ, ನಿಮಗೆ ಆ ವಿದ್ಯೆಯು ಬಾರದೆಂದು ದೂರ ಸರಿಯಬೇಡಿರಿ. ಹತ್ತಿರ ಕುಳಿತು, ಮೊದಲನೆಯ ದೂರನ್ನು ಗಟ್ಟಿಯಾಗಿ ಓದಿಸಿ ಕನ್ನಡದಲ್ಲಿ ಹೇಳಿಸಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಲು ಹೇಳಿರಿ. ದೂರು ನಿನ್ನ ಕೆಲಸದ ಮೇಲಿನದೋ, ಕೆಲಸಕ್ಕೆ ಮೊದಲಿನ ಸಿದ್ಧತೆಯ ಮೇಲಿನದೋ ಎಂದು ಕೇಳಿರಿ. ಇದಕ್ಕೆ ಬೇಕಾಗುವದು ಅರ್ಧ ಗಂಟೆಯ ತಾಳ್ಮೆ ಮಾತ್ರ; ಅದು ಎಲ್ಲ ಮನೆಗಳಲ್ಲಿಯೂ ದೊರೆಯುವಂಥದೇ.