ಮಲೆನಾಡಿನ ಮಳೆಗಾಲದ ಮನೆವಾರ್ತೆ

ದೇಶಸಂಚಾರಕ್ಕೆಂದು ಹೊರಟವರು ಬಹುಮಟ್ಟಿಗೆ ದೇವಾಲಯಗಳನ್ನೂ ಜಲಪಾತಗಳನ್ನೂ ಕೋಟೆಕೊತ್ತಲಗಳನ್ನೂ ನೋಡಿಕೊಂಡು ಹಿಂದಿರುಗುವರು. ಆ ಸ್ಥಳಗಳ ನಡುವೆ ಇರುವ ಮನೆಗಳನ್ನು ನೋಡಬೇಕೆಂಬ ಬುದ್ಧಿಯು ಹುಟ್ಟುವುದು ಅಪೂರ್ವ. ಆದರೆ ಒಂದು ಸೀಮೆಯ ಜನರು ಹೇಗೆ ಬಾಳುತ್ತಾರೆಂಬುದು ಗೋಪುರಗಳಿಂದ ತಿಳಿಯತಕ್ಕುದಲ್ಲ; ಅವರ ಅಡುಗೆಯ ಮನೆ, ಉಗ್ರಾಣ, ಬಚ್ಚಲು, ಅಟ್ಟ ಇವುಗಳಿಂದ ತಿಳಿಯತಕ್ಕುದು. ಮಲೆನಾಡಿನ ಮನೆಗಳನ್ನಂತೂ ಮಳೆಗಾಲದಲ್ಲಿಯೇ ನೋಡಬೇಕು. ಬೇಸಗೆಯಲ್ಲಿ ಎಲ್ಲರ ಮನೆಯೂ ಅಚ್ಚುಕಟ್ಟಾಗಿಯೇ ಕಾಣುವುದು. ಗೃಹಸ್ಥನ ಮತ್ತು ಗೃಹಿಣಿಯ ಮುಂದಾಲೋಚನೆಯು ಪರೀಕ್ಷೆಗೆ ಬರುವುದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಗಲಿರುಳೆನ್ನದೆ ಸುರಿಯುವಾಗ.

ಬಯಲುಸೀಮೆಯಲ್ಲಿ ಹುಟ್ಟಿ, ಬಯಲುಸೀಮೆಯ ಪಾಠಶಾಲೆಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ, ಮಳೆಯೆಂದರೆ ಮುಗಿಲನ್ನು ನೋಡುತ್ತ ಕಾಯತಕ್ಕ ವಸ್ತು. ಮಳೆಯಿಂದ ಅಡಗಿ ಬಾಳತಕ್ಕ ನಾಡನ್ನು ನೋಡಬೇಕೆಂಬ ಆಶೆಯು ಬಹುಕಾಲದಿಂದ ಇತ್ತು. ತೀರ್ಥಹಳ್ಳಿಯ ಕಡೆಯ ಅಡಿಕೆಯ ತೋಟದ ಗೃಹಸ್ಥರೊಬ್ಬರು ಹಿಂದೆ ನಮ್ಮಲ್ಲಿ ವ್ಯಾಕರಣವನ್ನೋದಿದವರು. ಅವರ ಆಗ್ರಹದಿಂದ ನಾವು ಪುನರ್ವಸು ಮಳೆಯ ಕಾಲದಲ್ಲಿ, ಎಂದರೆ ಜುಲೈ ತಿಂಗಳ ಎರಡನೆಯ ವಾರದಲ್ಲಿ, ಅಲ್ಲಿಗೆ ಹೋದೆವು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ದಾರಿಯುದ್ದಕ್ಕೂ ತುಂಗೆಯು ಒಮ್ಮೆ ಮರೆಯಾಗಿ ಒಮ್ಮೆ ಕಾಣಿಸಿಕೊಳ್ಳುತ್ತ ಬರುವಳು. ಗಾಜನೂರಿನ ಅಣೆಕಟ್ಟನ್ನು ದಾಟಿ, ಹಕ್ಕಿಗಳು ಗೂಡುಕಟ್ಟುವ ಮಂಡಗದ್ದೆಯನ್ನು ಕಳೆದು ಮುಂದೆ ಸಾಗಿದಂತೆಲ್ಲ ಮಳೆಯು ದಟ್ಟವಾಗುವುದು. ಬೆಂಗಳೂರಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆಯು ಸುಮಾರು 1000 ಮಿಲಿಮೀಟರು. ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದಂಚಿನ ಆಗುಂಬೆಯಲ್ಲಿ ಸರಾಸರಿಯೇ 7000 ಮಿಲಿಮೀಟರನ್ನು ಮೀರುವುದು. ಅದರಲ್ಲಿಯೂ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಬೀಳತಕ್ಕುದು. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ನಾಡಿನ ಮನೆಯ ಪ್ರತಿಯೊಂದು ಏರ್ಪಾಡಿನ ಕಾರಣವೂ ತಾನಾಗಿ ಹೊಳೆಯುವುದು.

ಮೊದಲು ಮನೆಯ ಕಟ್ಟಡವನ್ನು ನೋಡೋಣ. ಮಾಡು ಕಡಿದಾಗಿ ಇಳಿದಿರುವುದರಿಂದ ನೀರು ನಿಲ್ಲುವಂತಿಲ್ಲ. ಸೂರು ಗೋಡೆಯಿಂದ ಬಹಳ ಮುಂದೆ ಚಾಚಿಕೊಂಡಿರುವುದರಿಂದ ಇರಚಲು ಮಣ್ಣಿನ ಗೋಡೆಯನ್ನು ಮುಟ್ಟಲಾರದು. ಹಿಂದೆ ಸೋಗೆಯ ಅಥವಾ ಹುಲ್ಲಿನ ಮಾಡುಗಳಿದ್ದುವು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹಂಚು ಘಟ್ಟದ ಮೇಲಕ್ಕೂ ಹತ್ತಿ ಬಂದಿತು. ಗಾಳಿಮಳೆ ಬಡಿಯುವ ದಿಕ್ಕಿಗೆ ಜಗಲಿಯ ಹೊರಗಡೆ ಅಡಿಕೆಸೋಗೆಯ ತಟ್ಟಿಗಳನ್ನು ಕಟ್ಟುವರು. ಖರ್ಚಿಲ್ಲದ ವಸ್ತು, ಮಳೆಗಾಲ ಮುಗಿದೊಡನೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಬಹುದು. ಇಂತಹ ಮನೆಯ ಒಳವಿನ್ಯಾಸವನ್ನೂ ಹಳೆಯ ಸಾಮಾನುಗಳನ್ನೂ ನೋಡಬಯಸುವವರು, ಕುವೆಂಪು ಅವರು ಬೆಳೆದ ಕುಪ್ಪಳ್ಳಿಯ ಮನೆಯನ್ನು ನೋಡಬಹುದು. ನಡುವೆ ತೊಟ್ಟಿಯುಳ್ಳ, ಮೂರು ಅಂತಸ್ತಿನ ಆ ಮನೆಯನ್ನು ಈಗ ಸಾರ್ವಜನಿಕರ ದರ್ಶನಕ್ಕಾಗಿ ಕಾಪಾಡಿಕೊಂಡು ಬರಲಾಗಿದೆ.

ನಾವು ಇಳಿದುಕೊಂಡ ಮನೆಯಲ್ಲಿ ಮೂವರೇ ಇದ್ದರು: ಗೃಹಸ್ಥರು, ಅವರ ಪತ್ನಿ, ಮತ್ತು ಎಂಬತ್ತನ್ನು ದಾಟಿದ ತಾಯಿ. ಮಗನೂ ಮಗಳೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವರು. ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳವುಂಟು; ಅದಕ್ಕೆ ಮರದ ಕಾಲುಸಂಕವೊಂದೇ ದಾರಿ. ಹಳ್ಳವು ಏರಿದರೆ ಆ ಮನೆಯು ದ್ವೀಪದಂತಾಗುವುದು. ಆದಕಾರಣ ಅಲ್ಲಿ ಮುಂದಾಲೋಚನೆಯೆಂಬುದು ಒಂದು ಗುಣವಲ್ಲ, ಪ್ರಾಣರಕ್ಷಣೆಯ ಉಪಾಯ.

ಮಳೆಗಾಲದ ಸಿದ್ಧತೆಯು ಚಳಿಗಾಲದಲ್ಲಿಯೇ ಪ್ರಾರಂಭವಾಗುವುದು. ಸೌದೆಯನ್ನು ಒಡೆದು ಕೊಟ್ಟಿಗೆಯ ಪಕ್ಕದಲ್ಲಿ ಒಟ್ಟುವುದು, ದನಗಳ ಹಾಸಿಗೆಗೆ ಕಾಡಿನ ದರಗನ್ನು ಗುಡಿಸಿ ತರುವುದು, ಹಂಚು ಕೈಯಾಡಿಸುವುದು, ಇವು ಮೊದಲನೆಯ ಕೆಲಸಗಳು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹಲಸಿನ ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆ, ವಾಟೆಹುಳಿ ಇವೆಲ್ಲವೂ ಸಿದ್ಧವಾಗುವುವು. ಮೃಗಶಿರೆಯ ಮಳೆ ಹಿಡಿಯುವ ಹೊತ್ತಿಗೆ ಉಗ್ರಾಣದ ಬಾಗಿಲನ್ನು ಹಾಕಿ, “ಇನ್ನು ಬರಲಿ” ಎಂದು ಗೃಹಿಣಿಯು ನಿಶ್ಚಿಂತಳಾಗುವಳು.

ಆ ಉಗ್ರಾಣವನ್ನು ನಾವು ಒಂದು ಪೂರ್ವಾಹ್ನವೆಲ್ಲ ನೋಡಿದೆವು. ಬಣ್ಣದ ಸೌತೆಕಾಯಿಗಳನ್ನು ಒಂದಕ್ಕೊಂದು ತಗಲದಂತೆ ಬಾಳೆಯ ನಾರಿನಿಂದ ಕಟ್ಟಿ ಜಂತಿಗೆ ತೂಗುಹಾಕಿದ್ದರು. ನೆಲದ ಮೇಲೆ ರಾಶಿ ಹಾಕಿದರೆ ಒಂದು ಕೊಳೆತು ಪಕ್ಕದ್ದನ್ನೂ ಕೊಳೆಸುವುದು. ಸುತ್ತಲೂ ಗಾಳಿಯಾಡಿದರೆ ತಿಂಗಳುಗಟ್ಟಲೆ ಕೆಡವು. ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ, ಪೂರ್ತಿಯಾಗಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕೆಂದು ಆಕೆ ಹೇಳಿದರು. ಬಿಸಿಯಿರುವಾಗಲೇ ಮುಚ್ಚಿದರೆ ಒಳಗಿನ ಆವಿಯು ಮುಚ್ಚಳಕ್ಕೆ ತಗಲಿ ನೀರಾಗಿ, ಬೂಷ್ಟಿಗೆ ಅದೇ ಬೀಜವಾಗುವುದು. ಕಲ್ಲುಪ್ಪಿನ ಮಡಕೆಯು ಮಳೆಗಾಲದಲ್ಲಿ ನೀರು ಬಿಡುವುದು ಸಹಜ. ಅದನ್ನು ಒಲೆಯ ಪಕ್ಕದಲ್ಲಿಡುವರು. ಊಟದ ಉಪ್ಪಿನ ಬಟ್ಟಲಿಗೆ ಹುರಿದ ನಾಲ್ಕು ಅಕ್ಕಿಕಾಳನ್ನು ಹಾಕುವರು. ಅವು ತೇವವನ್ನು ಹೀರಿಕೊಳ್ಳುವುವು.

ಮಾವಿನ ಮಿಡಿಯ ವಿಷಯದಲ್ಲಿ ಮಲೆನಾಡಿನ ಗೃಹಿಣಿಯರನ್ನು ಮೀರಿಸುವವರಿಲ್ಲ. ಮಿಡಿಗಳನ್ನು ನೆಲಕ್ಕೆ ಬೀಳಿಸದೆ ತೊಟ್ಟಿನ ಸಮೇತ ಕೊಯ್ಯಬೇಕು, ಪೆಟ್ಟಾದುದನ್ನು ಬೇರೆಮಾಡಬೇಕು. ತೊಳೆದು, ಬಟ್ಟೆಯಲ್ಲಿ ಒರಸಿ, ಜಾಡಿಯಲ್ಲಿ ಒಂದು ಹಾಸು ಮಿಡಿ, ಒಂದು ಹಾಸು ಕಲ್ಲುಪ್ಪು ಹೀಗೆ ತುಂಬಿ ಮೇಲೆ ಭಾರವನ್ನಿಡಬೇಕು. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುವುದು, ಮಿಡಿಯು ಸುಕ್ಕಾಗುವುದು. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲಿಯೇ ಸಾಸಿವೆ, ಮೆಣಸಿನಕಾಯಿ, ಅರಿಸಿನಗಳ ಖಾರವನ್ನು ಕಲಸಿ ಮಿಡಿಗೆ ಬೆರಸುವರು. ಮಿಡಿಯು ಯಾವಾಗಲೂ ರಸದಲ್ಲಿ ಮುಳುಗಿರಬೇಕು. ಒದ್ದೆಯ ಕೈಯಾಗಲಿ ಸೌಟಾಗಲಿ ಸೋಕಬಾರದು. ಬಲಿತ ಹಲಸಿನ ಸೊಳೆಯನ್ನೂ ಇದೇ ನ್ಯಾಯದಿಂದ ಉಪ್ಪಿನಲ್ಲಿಟ್ಟು, ಬೇಕಾದಾಗ ನೀರಿನಲ್ಲಿ ನೆನಸಿ ಉಪ್ಪನ್ನು ಬಿಡಿಸಿ ಪಲ್ಯಕ್ಕೂ ರೊಟ್ಟಿಗೂ ಉಪಯೋಗಿಸುವರು. ತರಕಾರಿಯ ಅಂಗಡಿಯು ಹಳ್ಳದ ಆಚೆಗಿರುವಾಗ ಈ ಜಾಡಿಯೇ ಅಂಗಡಿ.

ಇನ್ನು ಆಹಾರ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ, ವರ್ಷಾಋತುವಿನಲ್ಲಿ ಜಠರಾಗ್ನಿಯು ಮಂದವಾಗುವುದೆಂದೂ, ಹಳೆಯ ಧಾನ್ಯವನ್ನೂ ಬೇಳೆಯ ತಿಳಿಸಾರನ್ನೂ ಸೇವಿಸಬೇಕೆಂದೂ, ಹೊಳೆಯ ನೀರನ್ನೂ ಹಗಲುನಿದ್ರೆಯನ್ನೂ ಬಿಡಬೇಕೆಂದೂ ವಿಧಿಸಿರುವರು. ಆ ಗ್ರಂಥವನ್ನು ಕಣ್ಣಿನಿಂದಲೂ ಕಾಣದ ಅಜ್ಜಿಯು ಅದನ್ನೇ ಆಚರಿಸುತ್ತಿದ್ದುದನ್ನು ಕಂಡು ನಮಗೆ ಆನಂದವಾಯಿತು. ಮಧ್ಯಾಹ್ನಕ್ಕೆ ಒಂದೆಲಗದ ಅಥವಾ ದೊಡ್ಡಪತ್ರೆಯ ತಂಬುಳಿ: ಎಲೆಯನ್ನು ಜೀರಿಗೆ ಕರಿಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡುವುದು. ಸಂಜೆಗೆ ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಹುರಿದು ಪುಡಿಮಾಡಿದ ಕಷಾಯ. ಕಾಡಿನ ವಸ್ತುಗಳನ್ನು ತಿನ್ನುವುದರಲ್ಲಿಯೂ ವಿವೇಕವುಂಟು. ಹಸಿಯ ಕಳಲೆಯಲ್ಲಿ ಸಯನೈಡನ್ನು ಹುಟ್ಟಿಸುವ ವಿಷಾಂಶವಿರುವುದರಿಂದ, ಹೆಚ್ಚಿದ ಮೇಲೆ ಎರಡು ಮೂರು ದಿನ ನೀರು ಬದಲಿಸುತ್ತ ನೆನಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿ ಅಡುಗೆಗೆ ತೆಗೆದುಕೊಳ್ಳುವರು. ಕೆಸುವಿನ ಎಲೆಯ ತುರಿಕೆಗೆ ಅದರಲ್ಲಿರುವ ಸೂಜಿಯಂತಹ ಸೂಕ್ಷ್ಮ ಹರಳುಗಳು ಕಾರಣ. ಪತ್ರೊಡೆಗೆ ಹುಣಿಸೆಯ ಹುಳಿಯನ್ನು ಧಾರಾಳವಾಗಿ ಸೇರಿಸಿ ಚೆನ್ನಾಗಿ ಬೇಯಿಸುವುದು ಇದಕ್ಕಾಗಿಯೇ.

ಒದ್ದೆಬಟ್ಟೆಯು ಮಳೆಗಾಲದ ದೊಡ್ಡ ಪೀಡೆ. ಬಚ್ಚಲೊಲೆಯಲ್ಲಿ ಹಂಡೆಯ ನೀರು ಕಾಯುತ್ತಿರುವಾಗ ಅದರ ಮೇಲೆ ಗಳುಗಳನ್ನು ಕಟ್ಟಿ ಬಟ್ಟೆಯನ್ನು ಹರಡುವರು. ಒಂದೇ ಬೆಂಕಿಯಿಂದ ಎರಡು ಕೆಲಸ. ಅಡುಗೆಯ ಒಲೆಯ ಮೇಲಣ ಅಟ್ಟದಲ್ಲಿ ಬೀಜದ ಕಾಯಿಗಳೂ ಬುಟ್ಟಿಗಳೂ ಹೊಗೆಯುಂಡು ಹುಳುವಿಲ್ಲದೆ ಉಳಿಯುವುವು. ಆದರೆ ಹಳೆಯದೆಲ್ಲವೂ ಹಿತವೆಂದು ನಾವು ಹೇಳಲಾರೆವು. ಬುಟ್ಟಿಗೆ ಒಳ್ಳೆಯದಾದ ಹೊಗೆಯು ಗೃಹಿಣಿಯ ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರದವರು ಹೊಗೆಯ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದುದು ಈ ಕಾರಣಕ್ಕಾಗಿಯೇ. ಈ ಮನೆಯಲ್ಲಿ ಅಡುಗೆಗೆ ಗ್ಯಾಸೂ, ನೀರು ಕಾಯಿಸಲು ಕೊಳವೆಯ ಒಲೆಯೂ ಇದ್ದುವು. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗುವುದು ಪ್ರಾಣಾಪಾಯಕರ. ವಾಸನೆಯೇ ಇಲ್ಲದ ವಿಷವಾಯುವು ನಿದ್ರೆಯಲ್ಲಿಯೇ ಕೊಲ್ಲುವುದು. ಇದನ್ನು ಎಷ್ಟು ಸಾರಿ ಹೇಳಿದರೂ ಅಧಿಕವಲ್ಲ.

ಆರೋಗ್ಯದ ವಿಷಯದಲ್ಲಿ ಎರಡು ಮಾತುಗಳು. ಮಳೆಗಾಲದಲ್ಲಿ ಬಾವಿಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಬೇಕು. ಬೆಚ್ಚಗಾದರೆ ಸಾಲದು, ತಳಮಳನೆ ಕುದಿಯಬೇಕು. ಗದ್ದೆತೋಟಗಳ ನಿಂತ ನೀರಿನಲ್ಲಿ ಇಲಿಗಳ ಮೂತ್ರ ಸೇರಿರುವುದುಂಟು. ಕಾಲಿನ ಸಣ್ಣ ಗಾಯದಿಂದಲೂ ಇಲಿಜ್ವರದ ರೋಗಾಣುವು ಒಳಹೊಗುವುದು. ಆದಕಾರಣ ಆ ಗೃಹಸ್ಥರು ಗಾಯವಿದ್ದ ಆಳನ್ನು ಕೆಸರಿಗೆ ಇಳಿಸುವುದಿಲ್ಲ. ಉಳಿದವರಿಗೆ ಬೂಟುಗಳನ್ನು ಕೊಡಿಸಿರುವರು. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ಉಣುಗುಗಳ ಕಡಿತದಿಂದ ಬರುವುದು. ಮಲೆನಾಡಿನಲ್ಲಿ ಅನೇಕರು ಇದರಿಂದ ಜೀವವನ್ನು ಕಳೆದುಕೊಂಡಿರುವರು. ಇದರ ಹಾವಳಿಯು ಮಳೆಗಾಲದಲ್ಲಲ್ಲ, ಸೌದೆ ದರಗುಗಳನ್ನು ತರುವ ಒಣತಿಂಗಳುಗಳಲ್ಲಿ. ಎಂದರೆ ಮಳೆಗಾಲದ ಸಿದ್ಧತೆಯ ಕೆಲಸದಲ್ಲಿಯೇ ಅಪಾಯವು ಹೊಂಚಿರುವುದು. ಕಾಡಿಗೆ ಹೋಗುವವರು ಮೈತುಂಬ ಬಟ್ಟೆಯನ್ನು ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಹಚ್ಚಿಕೊಂಡು, ಹಿಂದಿರುಗಿದೊಡನೆ ಬಿಸಿನೀರಿನ ಸ್ನಾನಮಾಡಿ ಬಟ್ಟೆಯನ್ನು ಕುದಿನೀರಿಗೆ ಹಾಕಬೇಕು. ಸತ್ತ ಮಂಗವು ಕಂಡರೆ ಮುಟ್ಟದೆ ತಿಳಿಸಬೇಕು. ಜ್ವರ ಬಂದರೆ ಕಷಾಯವನ್ನು ನಂಬಿಕೊಂಡು ಕುಳಿತಿರದೆ ವೈದ್ಯರಲ್ಲಿಗೆ ಹೋಗಬೇಕು.

ನಾವು ಅಲ್ಲಿದ್ದಾಗಲೇ ಹಳ್ಳವು ಏರಿ ಮೂರು ದಿನ ಕಾಲುಸಂಕವು ಮುಳುಗಿತು. ವಿದ್ಯುತ್ತೂ ಇಲ್ಲ, ದೂರವಾಣಿಯೂ ಇಲ್ಲ. ಮನೆಯಲ್ಲಿ ಮಾತ್ರ ಏನೊಂದೂ ಕೊರತೆಯಾಗಲಿಲ್ಲ. ಅಜ್ಜಿಯ ರಕ್ತದೊತ್ತಡದ ಗುಳಿಗೆಗಳು ಎರಡು ತಿಂಗಳಿಗಾಗುವಷ್ಟು ತಗಡಿನ ಡಬ್ಬಿಯಲ್ಲಿದ್ದುವು. ಗೋಡೆಯ ಮೇಲೆ ವೈದ್ಯರ, ನೆರೆಮನೆಯವರ, ಜೀಪಿನವರ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದಿದ್ದರು. ಪ್ರತಿದಿನ ಬೆಳಗ್ಗೆಯೂ ಸಂಜೆಯೂ ಹಳ್ಳದ ಆಚೆಯ ಮನೆಯವರು ಒಂದು ಕೂಗು ಹಾಕುವರು, ಇವರು ಓಗೊಡುವರು. ಓಗೊಡದಿದ್ದರೆ ಮೇಲಿನ ಗುಡ್ಡವನ್ನು ಸುತ್ತಿ ಬರುವುದೆಂದು ಅವರೊಳಗೆ ಕರಾರು. ಇಷ್ಟು ಅಗ್ಗದ, ಇಷ್ಟು ಭದ್ರವಾದ ವ್ಯವಸ್ಥೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಎರಡನೆಯ ರಾತ್ರಿ ದೀಪದ ಮುಂದೆ ಕುಳಿತಿದ್ದಾಗ ಗೃಹಿಣಿಯು ಹೇಳಿದರು: “ಮೇಷ್ಟ್ರೇ, ಮಗ ಬೆಂಗಳೂರಿಗೆ ಬಂದುಬಿಡಿ ಎನ್ನುತ್ತಾನೆ. ಅವನ ಭಯವೂ ಸುಳ್ಳಲ್ಲ. ಅತ್ತೆಯವರು ಈ ಜಗಲಿಯನ್ನು ಬಿಟ್ಟು ಬರುವುದಿಲ್ಲ. ಅವರನ್ನು ಬಿಟ್ಟು ನಾವು ಹೋಗುವುದಿಲ್ಲ. ಆಮೇಲಿನದನ್ನು ದೇವರು ಬಲ್ಲ.” ಅಜ್ಜಿಯು ಕೇಳಿಸಿಕೊಂಡರೋ ಇಲ್ಲವೋ, ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಿದ್ದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂತಹ ಮನೆಗಳು ಆ ಸೀಮೆಯಲ್ಲಿ ಒಂದೆರಡಲ್ಲ. ತೋಟವನ್ನು ಮಾರಬಹುದು, ಮನೆಗೆ ಬೀಗ ಹಾಕಬಹುದು. ಉಗ್ರಾಣದ ಈ ಜ್ಞಾನವನ್ನು ಮಾತ್ರ ಬೀಗ ಹಾಕಿ ಇಡುವಂತಿಲ್ಲ. ಕೈಯಿಂದ ಕೈಗೆ ದಾಟದಿದ್ದರೆ ಒಂದೇ ತಲೆಮಾರಿನಲ್ಲಿ ಅಳಿಯುವುದು. ಮಗಳು ಈಚೆಗೆ ಒಂದೊಂದೇ ವಿಧಾನವನ್ನು ಕೇಳಿ ಬರೆದುಕೊಳ್ಳುತ್ತಿರುವಳೆಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು.

ಪಟ್ಟಣದ ಗೃಹಸ್ಥರಿಗೆ ಹಳ್ಳವೂ ಸಂಕವೂ ಇಲ್ಲದಿರಬಹುದು. ಆದರೆ ಒಂದು ದಿನದ ಮಳೆಗೆ ಬೀದಿಗಳು ಕೆರೆಗಳಾಗುವುದನ್ನು ಪಟ್ಟಣಗಳೂ ಕಾಣುತ್ತಿರುವುವು. ಹತ್ತು ದಿನದ ದವಸ, ಒಂದು ತಿಂಗಳ ಔಷಧ, ಗೋಡೆಯ ಮೇಲೆ ಬರೆದಿಟ್ಟ ನಾಲ್ಕು ಸಂಖ್ಯೆಗಳು, ಕುದಿಸಿದ ನೀರು, ಒಣಗಿದ ಒಂದು ಜೊತೆ ಬಟ್ಟೆ, ದಿನಕ್ಕೆರಡು ಬಾರಿ ವಿಚಾರಿಸುವ ಒಬ್ಬ ನೆರೆಯವನು: ಇಷ್ಟನ್ನು ಯಾವ ಮನೆಯಲ್ಲಿಯೂ ಹೊಂದಿಸಿಕೊಳ್ಳಬಹುದು. ಮನೆಯಲ್ಲಿ ಹಿರಿಯರಿದ್ದರೆ, ಅವರಿಗೆ ತಿಳಿದ ಒಂದು ಉಪ್ಪಿನಕಾಯಿಯನ್ನಾದರೂ ಈ ವರ್ಷ ಅವರ ಪಕ್ಕದಲ್ಲಿ ಕುಳಿತು, ಅವರ ಕೈಯಳತೆಯನ್ನು ನೋಡಿ ಕಲಿಯಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.